ವಜ್ರವಿದ್ದರೂ ಕಬ್ಬಿಣವನ್ನೇ ತೊಟ್ಟೆ

ಗಣಿ ಅಗೆದು, ಮನೆ ಕಟ್ಟಿ, ವೈರಿಗಳಿಂದ ಜೀವ ಉಳಿಸಿಕೊಳ್ಳಬೇಕಾದ ಮೈನ್‌ಕ್ರಾಫ್ಟ್ ವಿಡಿಯೋ ಗೇಮ್‌ನ ಸರ್ವೈವಲ್ ಆಟದಲ್ಲಿ ಯಾವ ಕವಚ ಮೆಚ್ಚು ಎಂದು ಕೇಳಿದರೆ ಹೆಚ್ಚಿನವರು ಯೋಚಿಸುವ ಗೋಜಿಗೇ ಹೋಗುವುದಿಲ್ಲ. ಆಟದ ಅತಿ ಗಟ್ಟಿ ಲೋಹವಾದ ನೆದರೈಟ್ ಎನ್ನುತ್ತಾರೆ, ಅದು ಸಿಗುವ ತನಕ ವಜ್ರ ಎನ್ನುತ್ತಾರೆ. ನನ್ನ ಉತ್ತರ ಕಬ್ಬಿಣ. ಪೆಟ್ಟಿಗೆಯಲ್ಲಿ ವಜ್ರಗಳು ತುಂಬಿಕೊಂಡಿರುವಾಗಲೂ ಗಣಿಗೆ ಇಳಿಯಲು, ಕಾಡು ಸುತ್ತಲು, ರಾತ್ರಿಯಲ್ಲಿ ಗೋಡೆ ಕಟ್ಟಲು ನಾನು ತೊಡುವುದು ಕಬ್ಬಿಣವನ್ನೇ. ಇದು ಜಿಪುಣತನವೆಂದು ಜೊತೆಗೆ ಆಡುವವರು ನಗುತ್ತಾರೆ. ಸ್ವಲ್ಪ ಜಿಪುಣತನವೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಈ ಆಯ್ಕೆಗೆ ನಾನು ಬಂದದ್ದು ಲೆಕ್ಕ ಹಾಕಿ. ಇಲ್ಲಿ ಹೇಳುವುದೆಲ್ಲ ಕಂಪ್ಯೂಟರ್‌ನಲ್ಲಿ ಆಡುವ ಜಾವಾ ಆವೃತ್ತಿಯ ಲೆಕ್ಕ.

ಆಟ ತೋರಿಸುವ ಅಂಕಿಗಳನ್ನೇ ಮೊದಲು ನೋಡೋಣ. ಪೂರ್ತಿ ತೊಗಲಿನ ಕವಚಕ್ಕೆ 7 ರಕ್ಷಣಾ ಅಂಕ, ಚಿನ್ನಕ್ಕೆ 11, ಸರಪಳಿಗೆ 12, ಕಬ್ಬಿಣಕ್ಕೆ 15, ವಜ್ರಕ್ಕೂ ನೆದರೈಟ್‌ಗೂ 20. 2025ರಲ್ಲಿ ಸೇರಿಕೊಂಡ ತಾಮ್ರ ತೊಗಲಿಗಿಂತ ಮೇಲು, ಕಬ್ಬಿಣಕ್ಕಿಂತ ಕೆಳಗೆ. ಒಂದು ಅಂಕ ಏಟಿನಲ್ಲಿ ಶೇಕಡಾ 4ರಷ್ಟನ್ನು ತಡೆಯುತ್ತದೆ. ಅಂದರೆ ಕಬ್ಬಿಣ ಶೇ 60, ವಜ್ರ ಶೇ 80. ಇಲ್ಲಿಗೇ ನಿಂತರೆ ವಜ್ರವೇ ಗೆದ್ದಂತೆ ಕಾಣುತ್ತದೆ.

ಆದರೆ ಏಟು ದೊಡ್ಡದಾದಷ್ಟೂ ಕವಚ ಸೋಲುತ್ತಾ ಹೋಗುತ್ತದೆ. ಆ ಸೋಲನ್ನು ತಗ್ಗಿಸುವ ಗುಣಕ್ಕೆ ಆಟದಲ್ಲಿ ಟಫ್‌ನೆಸ್ ಎಂದು ಹೆಸರು. ಅದು ಕಬ್ಬಿಣಕ್ಕೆ ಸೊನ್ನೆ, ಪೂರ್ತಿ ವಜ್ರದ ಕವಚಕ್ಕೆ 8, ನೆದರೈಟ್‌ಗೆ 12. ಜೋಂಬಿಯ ಹೊಡೆತ, ಆಟದ ಕಷ್ಟವನ್ನು ನಾರ್ಮಲ್ ಮಟ್ಟದಲ್ಲಿ ಇಟ್ಟಾಗ, 3. ಅದರಲ್ಲಿ ಕಬ್ಬಿಣ ತೊಟ್ಟವನಿಗೆ ತಗಲುವುದು ಸುಮಾರು 1.4, ವಜ್ರ ತೊಟ್ಟವನಿಗೆ 0.7. ನಮ್ಮ ಜೀವ 20 ಅಂಕ ಇರುವಾಗ ಈ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ನಿಜವಾದ ಪರೀಕ್ಷೆ ಬೆನ್ನ ಹಿಂದೆ ಬಂದು ಸಿಡಿಯುವ ಕ್ರೀಪರ್. ಅದೇ ನಾರ್ಮಲ್ ಮಟ್ಟದಲ್ಲಿ ಮೈಗೆ ಮೈ ತಾಗಿ ಸಿಡಿದರೆ 43 ಅಂಕಗಳ ಏಟು. ಕಬ್ಬಿಣ ಅದರಲ್ಲಿ ಶೇ 12ರಷ್ಟನ್ನು ಮಾತ್ರ ತಡೆಯುತ್ತದೆ, ಉಳಿದದ್ದು ಸುಮಾರು 38. ವಜ್ರದಲ್ಲಿ 27, ನೆದರೈಟ್‌ನಲ್ಲಿ 23. ಮೂರೂ 20ಕ್ಕಿಂತ ಹೆಚ್ಚು. ಮೂವರೂ ಸಾಯುತ್ತಾರೆ, ನೆದರೈಟ್ ತೊಟ್ಟವನು ತುಸು ಗೌರವದಿಂದ ಸಾಯುತ್ತಾನೆ, ಅಷ್ಟೆ.

ಇದೇ ಲೆಕ್ಕಕ್ಕೆ ಎನ್‌ಚಾಂಟ್‌ಮೆಂಟ್‌ಗಳನ್ನು, ಅಂದರೆ ಕವಚಕ್ಕೆ ಹಾಕುವ ಮಂತ್ರಗಳನ್ನು, ಸೇರಿಸಿದಾಗ ಚಿತ್ರ ಪೂರ್ತಿ ಬದಲಾಗುತ್ತದೆ. ಪ್ರೊಟೆಕ್ಷನ್ 4 ಮಂತ್ರ ಕವಚದ ಒಂದು ತುಂಡಿಗೆ ಶೇ 16ರಂತೆ, ನಾಲ್ಕೂ ತುಂಡುಗಳಿಗೆ ಹಾಕಿದರೆ ಶೇ 64ರಷ್ಟು ಏಟನ್ನು ಕಡಿತಗೊಳಿಸುತ್ತದೆ. ಈ ಕಡಿತ ನಡೆಯುವುದು ಲೋಹ ತಡೆದು ಉಳಿದ ಏಟಿನ ಮೇಲೆ, ಮತ್ತು ಇದಕ್ಕೆ ಲೋಹ ಯಾವುದೆಂಬುದು ಮುಖ್ಯವೇ ಅಲ್ಲ. ಆಗ ಅದೇ ಕ್ರೀಪರ್ ಸಿಡಿದರೆ ಕಬ್ಬಿಣದವನಿಗೆ ತಗಲುವುದು ಸುಮಾರು 13.6. ಬದುಕುತ್ತಾನೆ. ಮಂತ್ರವಿಲ್ಲದ ನೆದರೈಟ್‌ನವನು ಸತ್ತಿರುತ್ತಾನೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದುಕೊಂಡ ದಿನವೇ ನನ್ನ ದುಡಿಮೆಯ ದಿಕ್ಕು ಬದಲಾಯಿತು. ವಜ್ರಕ್ಕಾಗಿ ಮೈನಸ್ 59ರ ಮಟ್ಟದಲ್ಲಿ ಸುರಂಗ ಕೊರೆಯುವುದನ್ನು ಬಿಟ್ಟು, ಮಂತ್ರದ ಪುಸ್ತಕಗಳಿಗಾಗಿ, ಆಟದಲ್ಲಿ ವ್ಯಾಪಾರ ಮಾಡುವ ಹಳ್ಳಿಗರ ಬೆನ್ನು ಹತ್ತಿದೆ.

ಎತ್ತರದಿಂದ ಬೀಳುವ ಪೆಟ್ಟಿನಲ್ಲಂತೂ ಲೋಹಕ್ಕೆ ಬೆಲೆಯೇ ಇಲ್ಲ. ಬಿದ್ದರೆ ಕವಚದ ಅಂಕಗಳು ಲೆಕ್ಕಕ್ಕೇ ಬರುವುದಿಲ್ಲ, ಮಂತ್ರ ಮಾತ್ರ ಬರುತ್ತದೆ. ಬೂಟಿಗೆ ಫೆದರ್ ಫಾಲಿಂಗ್ 4 ಹಾಕಿ, ಜೊತೆಗೆ ನಾಲ್ಕೂ ತುಂಡುಗಳಿಗೆ ಪ್ರೊಟೆಕ್ಷನ್ 4 ಇದ್ದರೆ ಆಟ ಅನುಮತಿಸುವ ಗರಿಷ್ಠ ಮಿತಿಯಾದ ಶೇ 80ರಷ್ಟು ಪೆಟ್ಟು ಕಡಿಮೆಯಾಗುತ್ತದೆ, ಅದು ತೊಗಲಿನ ಬೂಟಾದರೂ ಸರಿ. ಆಳದ ಗುಹೆಯ ದೈತ್ಯ ವಾರ್ಡನ್ ಕೂಗಿನಿಂದ ಹೊಡೆಯುವ ಏಟು ಇದಕ್ಕೂ ಒಂದು ಹೆಜ್ಜೆ ಮುಂದೆ: ಅದು ಲೋಹವನ್ನೂ ಲೆಕ್ಕಿಸುವುದಿಲ್ಲ, ಮಂತ್ರವನ್ನೂ ಲೆಕ್ಕಿಸುವುದಿಲ್ಲ. ಅದರೆದುರು ಓಟವೊಂದೇ ಕವಚ.

ಇನ್ನು ಪುಸ್ತಕ ಸಂಪಾದಿಸಿದ ಬಗೆ. ಮಂತ್ರದ ಮೇಜನ್ನು ನಾನು ನೆಚ್ಚಿಕೊಳ್ಳಲಿಲ್ಲ. ಮಂತ್ರವನ್ನು ಹಿಡಿದುಕೊಳ್ಳುವ ಶಕ್ತಿ ಕಬ್ಬಿಣಕ್ಕೆ 9, ವಜ್ರಕ್ಕೆ 10, ನೆದರೈಟ್‌ಗೆ 15, ಚಿನ್ನಕ್ಕೆ 25. ಮೇಜಿನ ಮುಂದೆ ಈ ನಾಲ್ಕರಲ್ಲಿ ಕಬ್ಬಿಣವೇ ಹಿಂದಿನ ಬೆಂಚಿನ ವಿದ್ಯಾರ್ಥಿ. ಆದ್ದರಿಂದ ಗ್ರಂಥಪಾಲಕನ ದಾರಿ ಹಿಡಿದೆ. ಕೆಲಸವಿಲ್ಲದ ಹಳ್ಳಿಗನ ಬಳಿ ಒಂದು ಪುಸ್ತಕಪೀಠ ಇಟ್ಟರೆ ಅವನು ಗ್ರಂಥಪಾಲಕನಾಗುತ್ತಾನೆ. ಅವನು ಮಾರುವ ಪುಸ್ತಕ ಬೇಡವಾದರೆ ಪೀಠವನ್ನು ಒಡೆದು ಮತ್ತೆ ಇಡಬೇಕು. ಅವನೊಂದಿಗೆ ಇನ್ನೂ ಒಂದೂ ವ್ಯಾಪಾರ ಮಾಡಿಲ್ಲದಿದ್ದರೆ ಹೊಸ ಪಟ್ಟಿ ಬರುತ್ತದೆ. ಬೇಸರದ ಕೆಲಸ, ಆದರೆ ಕೈಬಿಡಬಾರದ ಕೆಲಸ. ಒಬ್ಬನಿಂದ ಪ್ರೊಟೆಕ್ಷನ್ 4, ಇನ್ನೊಬ್ಬನಿಂದ ಸವೆತ ತುಂಬುವ ಮೆಂಡಿಂಗ್ ಬಂದಮೇಲೆ ಇಬ್ಬರೊಂದಿಗೂ ಒಮ್ಮೆ ವ್ಯಾಪಾರ ಮಾಡಿ ಪಟ್ಟಿಯನ್ನು ಗಟ್ಟಿಮಾಡಿಕೊಂಡೆ. ಹಳ್ಳಿಗರ ನಾಣ್ಯ ಎಮರಾಲ್ಡ್; ಪುಸ್ತಕದ ಬೆಲೆ 64 ಎಮರಾಲ್ಡ್ ಮೀರುವುದಿಲ್ಲ. ಎಮರಾಲ್ಡ್‌ಗೆ ಬಾಣಗಾರನಿದ್ದಾನೆ: 32 ಕಡ್ಡಿ ಕೊಟ್ಟರೆ ಒಂದು. ಒಂದು ಮರದ ತೋಪು ಕಡಿದರೆ ಒಂದು ಕವಚಕ್ಕೆ ಸಾಲುವಷ್ಟು ಆಗಿಬಿಡುತ್ತದೆ.

ಕಬ್ಬಿಣ ನನ್ನನ್ನು ಪೂರ್ತಿ ಒಲಿಸಿಕೊಂಡದ್ದು ಇಲ್ಲಿಯೇ. ನಾಲ್ಕು ತುಂಡುಗಳಿಗೆ ಬೇಕಾದದ್ದು 24 ಗಟ್ಟಿ. ಅದನ್ನೂ ಕಾಯಿಸಿ ಬಡಿಯಬೇಕೆಂದಿಲ್ಲ. ಕವಚಗಾರ ಹಳ್ಳಿಗ ಮೊದಲ ದಿನದಿಂದಲೇ ಕಬ್ಬಿಣದ ಕವಚ ಮಾರುತ್ತಾನೆ. ಶಿರಸ್ತ್ರಾಣಕ್ಕೆ 5 ಎಮರಾಲ್ಡ್, ಎದೆಕವಚಕ್ಕೆ 9, ಕಾಲುಕವಚಕ್ಕೆ 7, ಬೂಟಿಗೆ 4. ಹಾಗೆಯೇ 15 ಕಲ್ಲಿದ್ದಲು ಕೊಟ್ಟರೆ ಅವನೇ ಒಂದು ಎಮರಾಲ್ಡ್ ಕೊಡುತ್ತಾನೆ. ನೆದರೈಟ್‌ನ ಖರ್ಚನ್ನು ಇದರ ಪಕ್ಕದಲ್ಲಿ ಇಡಿ. ಮೊದಲು 24 ವಜ್ರದ ಪೂರ್ತಿ ಕವಚ, ಅದರ ಮೇಲೆ ನಾಲ್ಕು ನೆದರೈಟ್ ಗಟ್ಟಿ, ಅಂದರೆ 16 ಪುರಾತನ ಅವಶೇಷ (ನೆದರ್ ಎಂಬ ಬೆಂಕಿಲೋಕದ ಅದಿರು) ಮತ್ತು 16 ಚಿನ್ನದ ಗಟ್ಟಿ. 2023ರ 1.20 ಆವೃತ್ತಿಯಿಂದ ಈಚೆಗೆ ತುಂಡಿಗೊಂದು ಅಚ್ಚು ಕೂಡ ಬೇಕು. ಅಚ್ಚು ಸಿಗುವುದು ನೆದರ್‌ನ ಬ್ಯಾಸ್ಟಿಯನ್ ಕೋಟೆಗಳಲ್ಲಿ. ಒಂದು ಸಿಕ್ಕರೆ ಅದರ ಪ್ರತಿ ಮಾಡಿಕೊಳ್ಳಬಹುದು, ಆದರೆ ಪ್ರತಿಗೆ 7 ವಜ್ರ. ಮೂರು ಪ್ರತಿಗಳಿಗೆ 21. ಒಟ್ಟು 45 ವಜ್ರ. ಇಷ್ಟೆಲ್ಲ ಹಾಕಿ ಮೈಮೇಲೆ ತೊಟ್ಟದ್ದು ಕರ್ಣನ ಕವಚದಂತೆ ಹುಟ್ಟಿನೊಂದಿಗೆ ಅಂಟಿಬಂದದ್ದಲ್ಲ. ಸತ್ತ ಜಾಗದಲ್ಲಿ ಉದುರಿ ಬೀಳುತ್ತದೆ, ಹತ್ತಿರದಲ್ಲಿ ನಾವಿದ್ದು ಐದು ನಿಮಿಷದೊಳಗೆ ಎತ್ತಿಕೊಳ್ಳದಿದ್ದರೆ ಮಾಯವಾಗುತ್ತದೆ.

ನೆದರೈಟ್ ಲಾವಾದಲ್ಲಿ ಸುಡುವುದಿಲ್ಲ, ತೇಲುತ್ತದೆ, ಅದು ನಿಜ. ಆದರೆ ಆಳದ ಗುಹೆಯಲ್ಲಿ ಐದು ನಿಮಿಷದ ಗಡಿಯಾರ ಲಾವಾದಲ್ಲಿ ಬಿದ್ದದ್ದಕ್ಕೂ ನೆಲದಲ್ಲಿ ಬಿದ್ದದ್ದಕ್ಕೂ ಒಂದೇ. ದುಬಾರಿ ಕವಚ ತೊಟ್ಟವರು ಸತ್ತ ತಕ್ಷಣ ಬರಿಮೈಯಲ್ಲಿ ಅದೇ ಗುಹೆಗೆ ಓಡಿ ಮತ್ತೊಮ್ಮೆ ಸಾಯುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನನ್ನ ಹಾಸಿಗೆಯ ಪಕ್ಕದ ಪೆಟ್ಟಿಗೆಯಲ್ಲಿ ಇನ್ನೆರಡು ಕಬ್ಬಿಣದ ಕವಚಗಳು ಮಂತ್ರ ಸಮೇತ ಸಿದ್ಧವಾಗಿರುತ್ತವೆ. ತೊಟ್ಟು ಹೋಗುತ್ತೇನೆ. ಹಳೆಯದು ಸಿಕ್ಕರೆ ಲಾಭ.

ವಜ್ರದವರಿಗೆ ದಕ್ಕದ ಇನ್ನೊಂದು ಸೌಲಭ್ಯ ತಲೆಯಲ್ಲಿದೆ. ಕಬ್ಬಿಣದ ಶಿರಸ್ತ್ರಾಣಕ್ಕೆ 2 ಅಂಕ. ಚಿನ್ನದ ಶಿರಸ್ತ್ರಾಣಕ್ಕೂ 2, ಸರಪಳಿಯದಕ್ಕೂ 2, ಆಮೆಚಿಪ್ಪಿಗೂ 2. ನೆದರ್‌ಗೆ ಹೋಗುವಾಗ ಒಂದಾದರೂ ಚಿನ್ನದ ತುಂಡು ಮೈಮೇಲಿದ್ದರೆ ಅಲ್ಲಿನ ಹಂದಿಮುಖದ ಪಿಗ್ಲಿನ್‌ಗಳು ತಾವಾಗಿ ಮೇಲೆ ಬೀಳುವುದಿಲ್ಲ. ಆದ್ದರಿಂದ ತಲೆಗೆ ಚಿನ್ನ, ಉಳಿದ ಮೂರು ಕಬ್ಬಿಣ. ಒಟ್ಟು ಅಂಕ 15 ಇದ್ದದ್ದು 15ರಲ್ಲೇ ಉಳಿಯುತ್ತದೆ. ಹೆಚ್ಚಿನವರು ಚಿನ್ನದ ಬೂಟು ಹಾಕಿಕೊಳ್ಳುತ್ತಾರೆ, ಏಕೆಂದು ನನಗೆ ಅರ್ಥವಾಗಿಲ್ಲ. ಕಬ್ಬಿಣದ ಬೂಟಿನ 2 ಅಂಕ ಅಲ್ಲಿ 1ಕ್ಕೆ ಇಳಿಯುತ್ತದೆ. ಚಿನ್ನದ ಶಿರಸ್ತ್ರಾಣದ ಬಾಳಿಕೆ 77 ಮಾತ್ರ, ಕಬ್ಬಿಣದ್ದು 165. ಅಷ್ಟನ್ನು ಮೆಂಡಿಂಗ್ ನೋಡಿಕೊಳ್ಳುತ್ತದೆ. ನೀರಿಗೆ ಇಳಿಯುವ ದಿನ ಆಮೆಚಿಪ್ಪು: ಮುಳುಗಿದಾಗ 10 ಸೆಕೆಂಡು ಹೆಚ್ಚಿನ ಉಸಿರು, ಬಾಳಿಕೆ 275, ಅಂಕದಲ್ಲಿ ನಷ್ಟವಿಲ್ಲ. ಹಿಮದ ಬೆಟ್ಟಕ್ಕೆ ಮಾತ್ರ ಬೂಟು ಬದಲಿಸುತ್ತೇನೆ. ತೊಗಲಿನ ಬೂಟಿದ್ದರೆ ಪುಡಿಹಿಮದ ಮೇಲೆ ಮುಳುಗದೆ ನಡೆಯಬಹುದು.

ಬಾಳಿಕೆಯ ವಿಷಯದಲ್ಲಿ ಕಬ್ಬಿಣ ಹಿಂದೆ ಬೀಳುತ್ತದೆ. ಎದೆಕವಚ 240, ವಜ್ರದ್ದು 528. ಪ್ರತಿ ಏಟಿಗೂ ಏಟಿನ ನಾಲ್ಕನೆಯ ಒಂದು ಭಾಗದಷ್ಟು, ಕನಿಷ್ಠ 1, ಪ್ರತಿ ತುಂಡಿನಿಂದಲೂ ಸವೆಯುತ್ತದೆ. ಇಲ್ಲಿ ಬಾಳಿಕೆ ಹೆಚ್ಚಿಸುವ ಮಂತ್ರವಾದ ಅನ್‌ಬ್ರೇಕಿಂಗ್ 3ರ ಮೇಲೆ ಭಾರ ಹಾಕಬೇಡಿ. ಗುದ್ದಲಿಯ ಆಯುಸ್ಸನ್ನು ಅದು ನಾಲ್ಕು ಪಟ್ಟು ಮಾಡಿದರೂ ಕವಚದಲ್ಲಿ ಸವೆತದ ಶೇ 30ರಷ್ಟನ್ನು ಮಾತ್ರ ತಪ್ಪಿಸುತ್ತದೆ. ಕವಚವನ್ನು ಉಳಿಸುವುದು ಮೆಂಡಿಂಗ್: ಅನುಭವದ ಒಂದು ಅಂಕಕ್ಕೆ ಎರಡು ಅಂಕ ಬಾಳಿಕೆ ಮರಳುತ್ತದೆ. ಕಮ್ಮಾರನ ಅಡಿಗಲ್ಲಿನಲ್ಲಿ (ಆನ್ವಿಲ್) ಕವಚಕ್ಕೆ ಪುಸ್ತಕ ಸೇರಿಸುವಾಗಲೂ ಜಾಣತನ ಬೇಕು. ಒಂದೇ ತುಂಡಿನ ಮೇಲೆ ಒಂದಾದಮೇಲೊಂದು ಪುಸ್ತಕ ಹಾಕುತ್ತಾ ಹೋದರೆ ಅನುಭವದ ಮಟ್ಟಗಳಲ್ಲಿ ತೆರುವ ದಂಡ 1, 3, 7, 15, 31 ಎಂದು ಏರಿ, ಒಟ್ಟು ಖರ್ಚು 40 ಮುಟ್ಟಿದ ಕೂಡಲೇ ಆಟ ಕೆಲಸವನ್ನೇ ನಿರಾಕರಿಸುತ್ತದೆ. ಪುಸ್ತಕಕ್ಕೆ ಪುಸ್ತಕ ಜೋಡಿಸಿ, ಜೋಡಿಗಳನ್ನು ಕೊನೆಗೆ ಕವಚಕ್ಕೆ ಸೇರಿಸುವುದು ನನ್ನ ಪದ್ಧತಿ.

ಹಾರ್ಡ್ ಮಟ್ಟದಲ್ಲಿ ಆಡುವವರಿಗೆ ಒಂದು ತಿದ್ದುಪಡಿ. ಅಲ್ಲಿ ಕ್ರೀಪರ್‌ನ ಗರಿಷ್ಠ ಏಟು 64.5. ನಾಲ್ಕೂ ಪ್ರೊಟೆಕ್ಷನ್ 4 ಇರುವ ಕಬ್ಬಿಣದಲ್ಲಿಯೂ 20ಕ್ಕಿಂತ ಕೂದಲೆಳೆ ಹೆಚ್ಚು ತಗಲುತ್ತದೆ, ಸಾವು ಖಚಿತ. ಒಂದು ತುಂಡಿಗೆ ಮಾತ್ರ ಪ್ರೊಟೆಕ್ಷನ್ ಬದಲು ಬ್ಲಾಸ್ಟ್ ಪ್ರೊಟೆಕ್ಷನ್ 4 ಹಾಕಿದರೆ ಸ್ಫೋಟದ ಕಡಿತ ಶೇ 80 ಮುಟ್ಟಿ, ತಗಲುವುದು 11.4ಕ್ಕೆ ಇಳಿಯುತ್ತದೆ. ಜೋಂಬಿ, ಬಾಣಗಳ ಎದುರು ರಕ್ಷಣೆ ಸ್ವಲ್ಪ ತಗ್ಗುತ್ತದೆ, ಆದರೆ ಅವು ಒಂದೇ ಏಟಿಗೆ ಕೊಲ್ಲುವುದಿಲ್ಲ. ನಾನು ಇದನ್ನು ಕಾಲುಕವಚಕ್ಕೆ ಹಾಕುತ್ತೇನೆ.

ನೆದರೈಟ್ ನನ್ನ ಬಳಿ ಇಲ್ಲವೆಂದಲ್ಲ, ಒಂದು ಪೂರ್ತಿ ಕವಚವಿದೆ. ತುಂಡಿಗೆ ಶೇ 10ರಂತೆ, ನಾಲ್ಕಕ್ಕೆ ಶೇ 40ರಷ್ಟು ಹಿಂದಕ್ಕೆ ಎಸೆಯಲ್ಪಡುವುದನ್ನು ಅದು ತಡೆಯುತ್ತದೆ. ಅಂಚಿನಲ್ಲಿ ನಿಂತು ಕಾದಾಡಬೇಕಾದ ಕಡೆ ಇದಕ್ಕೆ ಸಾಟಿಯಿಲ್ಲ. ಮೂರು ತಲೆಯ ವೈರಿಯಾದ ವಿದರ್ ಅನ್ನು ಎಬ್ಬಿಸುವ ದಿನ ಅದನ್ನು ತೊಡುತ್ತೇನೆ. ಮಾರನೆಯ ದಿನ ಗಣಿಗೆ ಹೊರಡುವಾಗ ಮತ್ತೆ ಕಬ್ಬಿಣ, ಕೆಂಪು ರೆಡ್‌ಸ್ಟೋನ್ ಅಂಚು ಹಾಕಿಸಿಕೊಂಡದ್ದು. ಆ ಅಂಚಿನಿಂದ ರಕ್ಷಣೆ ಒಂದು ಅಂಕವೂ ಹೆಚ್ಚುವುದಿಲ್ಲ, ಚೆನ್ನಾಗಿ ಕಾಣುತ್ತದೆ ಅಷ್ಟೆ.