ಐರೋಪ್ಯ ಒಕ್ಕೂಟದ ಡಿಜಿಟಲ್ ಕಾನೂನಿನ ಕರಡಿಗೆ ತಂತ್ರಜ್ಞಾನ ಉದ್ಯಮ ತನ್ನ ಅಹವಾಲು ಮುಟ್ಟಿಸುವುದು ಹೇಗೆ

ಐರೋಪ್ಯ ಒಕ್ಕೂಟದ ಡಿಜಿಟಲ್ ಕಾನೂನುಗಳು ಬ್ರಸೆಲ್ಸ್‌ನಲ್ಲಿ ರೂಪುಗೊಂಡರೂ, ಒಕ್ಕೂಟದ 27 ದೇಶಗಳ ಗ್ರಾಹಕರಿಗೆ ತಂತ್ರಾಂಶ ಮಾರುವ ಎಲ್ಲರಿಗೂ ಅನ್ವಯಿಸುತ್ತವೆ. ಬೆಂಗಳೂರಿನಲ್ಲಿ ಕುಳಿತು ಜರ್ಮನಿಯ ಕಾರ್ಖಾನೆಗೆ ಯಂತ್ರ ನಿಯಂತ್ರಣದ ತಂತ್ರಾಂಶ ಒದಗಿಸುವ ಕಂಪನಿಯೂ ಇದಕ್ಕೆ ಹೊರತಲ್ಲ. ಕಾನೂನು ಜಾರಿಯಾದ ಮೇಲೆ ವಕೀಲರನ್ನು ಹುಡುಕಿಕೊಂಡು ಹೋಗುವುದು ಸಣ್ಣ ಕಂಪನಿಗಳಲ್ಲಿ ರೂಢಿ. ಕರಡು ಇನ್ನೂ ತಿದ್ದುಪಡಿಗೆ ತೆರೆದಿರುವಾಗಲೇ ಮಾತಾಡುವ ಹಕ್ಕು ತಮಗಿದೆ ಎಂಬುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ.

ದೊಡ್ಡ ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. ಬ್ರಸೆಲ್ಸ್‌ನ ನಿಗಾ ಸಂಸ್ಥೆಯಾದ ಕಾರ್ಪೊರೇಟ್ ಯುರೋಪ್ ಅಬ್ಸರ್ವೇಟರಿ 2021ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಡಿಜಿಟಲ್ ಉದ್ಯಮವು ಅಲ್ಲಿನ ಲಾಬಿಗಾಗಿ ವರ್ಷಕ್ಕೆ 9.7 ಕೋಟಿ ಯೂರೊ ಖರ್ಚು ಮಾಡುತ್ತಿತ್ತು. ಅದೇ ಸಂಸ್ಥೆಯ 2025ರ ಲೆಕ್ಕದಲ್ಲಿ ಅದು 15.1 ಕೋಟಿ ಯೂರೊ ಮುಟ್ಟಿದೆ. ಈ ಮಾರ್ಗದರ್ಶಿ ಅಷ್ಟು ಹಣವಿಲ್ಲದ ಸಣ್ಣ ಉತ್ಪನ್ನ ಕಂಪನಿಗಳಿಗೆ, ಮುಕ್ತ ತಂತ್ರಾಂಶದ (ಮೂಲ ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶದ) ಯೋಜನೆಗಳನ್ನು ನಡೆಸುವವರಿಗೆ ಮತ್ತು ಅವರ ಪರವಾಗಿ ಬರೆಯುವ ಉದ್ಯಮ ಸಂಘಗಳಿಗೆ ಮೀಸಲು. ಸರಿಯಾದ ಹಂತದಲ್ಲಿ, ಕರಡಿನ ನಿರ್ದಿಷ್ಟ ವಾಕ್ಯದ ಮೇಲೆ ಬೆರಳಿಟ್ಟು, ಅದರ ಜಾಗಕ್ಕೆ ಬೇರೆ ವಾಕ್ಯವನ್ನೂ ಬರೆದುಕೊಟ್ಟವರ ಮಾತಿಗೆ ಹಣವಿಲ್ಲದೆಯೂ ಬೆಲೆ ಸಿಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ, ಮತ್ತು ಅದಕ್ಕೆ ಒಂದು ಕಾನೂನಿನ ಚರಿತ್ರೆಯೇ ಸಾಕ್ಷಿಯಾಗಿದೆ.

ಕರಡು ಯಾರ ಕೈಯಲ್ಲಿದೆ

ಕಾನೂನನ್ನು ಪ್ರಸ್ತಾಪಿಸುವ ಅಧಿಕಾರ ಇರುವುದು ಐರೋಪ್ಯ ಆಯೋಗಕ್ಕೆ. ಆಯೋಗ ಮಂಡಿಸಿದ ಕರಡನ್ನು 720 ಸದಸ್ಯರ ಐರೋಪ್ಯ ಸಂಸತ್ತು ಮತ್ತು ಸದಸ್ಯ ದೇಶಗಳ ಸಚಿವರ ಮಂಡಳಿ ಪ್ರತ್ಯೇಕವಾಗಿ ತಿದ್ದುತ್ತವೆ. ಬಳಿಕ ಮೂವರೂ ಒಟ್ಟಿಗೆ ಕುಳಿತು ಒಮ್ಮತದ ಪಠ್ಯಕ್ಕೆ ಬರುತ್ತಾರೆ. ಹಂತ ಬದಲಾದಂತೆ ನಿಮ್ಮ ಅಹವಾಲು ಕೇಳಿಸಿಕೊಳ್ಳಬೇಕಾದವರೂ ಬದಲಾಗುತ್ತಾರೆ. ಸಂಸತ್ತಿನ ಸಮಿತಿಯ ಎದುರಿರುವ ಕರಡಿನ ಬಗ್ಗೆ ಆಯೋಗದ ಅಧಿಕಾರಿಗೆ ದೀರ್ಘ ಪತ್ರ ಬರೆದರೆ ಶ್ರಮ ವ್ಯರ್ಥವಾಗುತ್ತದೆ.

ಎಲ್ಲಕ್ಕಿಂತ ಸುಲಭವಾದ ಬಾಗಿಲೆಂದರೆ ಆಯೋಗದ ‘ಹ್ಯಾವ್ ಯುವರ್ ಸೇ’ ಎಂಬ ಜಾಲತಾಣ. ಅಲ್ಲಿ ಖಾತೆ ತೆರೆದು, ನಿಮಗೆ ಸಂಬಂಧಿಸಿದ ವಿಷಯಗಳ ಸೂಚನೆಗಳು ಇಮೇಲ್‌ಗೆ ಬರುವಂತೆ ಮಾಡಿಕೊಳ್ಳಿ. ಕಾನೂನಿನ ಅಗತ್ಯವನ್ನು ಆಯೋಗ ಪರಿಶೀಲಿಸುವಾಗ ಸಾಮಾನ್ಯವಾಗಿ ನಾಲ್ಕು ವಾರಗಳ ಆಹ್ವಾನವಿರುತ್ತದೆ. ಸಾರ್ವಜನಿಕ ಸಮಾಲೋಚನೆ ಸಾಮಾನ್ಯವಾಗಿ 12 ವಾರ ನಡೆಯುತ್ತದೆ. ಕರಡು ಮಂಡನೆಯಾದ ಮೇಲೆ ಮತ್ತೆ ಎಂಟು ವಾರಗಳ ಅವಕಾಶವಿದೆ. ಒಕ್ಕೂಟದ ಹೊರಗಿನ ಕಂಪನಿಗಳೂ ಇಲ್ಲಿ ಬರೆಯಬಹುದು. ಪ್ರತಿಕ್ರಿಯೆಯ ಚೌಕದಲ್ಲಿ ಹಿಡಿಸುವುದು 4,000 ಅಕ್ಷರಗಳಷ್ಟೇ, ಉಳಿದದ್ದನ್ನು ಕಡತವಾಗಿ ಲಗತ್ತಿಸಬೇಕು. ಬರೆದದ್ದೆಲ್ಲ ಸಾರ್ವಜನಿಕವಾಗಿ ಪ್ರಕಟವಾಗುವುದರಿಂದ ಪ್ರತಿಸ್ಪರ್ಧಿಗಳೂ ಪತ್ರಕರ್ತರೂ ಓದುತ್ತಾರೆ ಎಂಬ ಎಚ್ಚರ ಇರಲಿ.

ಹೆಸರು ನೋಂದಾಯಿಸದೆ ಮುಂದೆ ಹೋಗಬೇಡಿ

ಲಿಖಿತ ಪ್ರತಿಕ್ರಿಯೆಯನ್ನು ದಾಟಿ ಅಧಿಕಾರಿಗಳನ್ನೋ ಸಂಸದರನ್ನೋ ಭೇಟಿಯಾಗುವ ಉದ್ದೇಶವಿದ್ದರೆ ಮೊದಲು ಒಕ್ಕೂಟದ ಪಾರದರ್ಶಕತಾ ನೋಂದಣಿಯಲ್ಲಿ ಸೇರಬೇಕು. ಇದಕ್ಕೆ ಶುಲ್ಕವಿಲ್ಲ. ಯಾವ ಕಾನೂನುಗಳನ್ನು ಗಮನಿಸುತ್ತಿದ್ದೀರಿ, ಈ ಕೆಲಸಕ್ಕೆ ಎಷ್ಟು ಜನರನ್ನು ತೊಡಗಿಸಿದ್ದೀರಿ, ವರ್ಷಕ್ಕೆ ಅಂದಾಜು ಎಷ್ಟು ಖರ್ಚಾಗುತ್ತದೆ, ಯಾವ ಸಂಘಗಳ ಸದಸ್ಯರಾಗಿದ್ದೀರಿ ಎಂಬುದನ್ನೆಲ್ಲ ಅಲ್ಲಿ ಘೋಷಿಸಿ, ಪ್ರತಿ ವರ್ಷ ನವೀಕರಿಸಬೇಕು. ಆಯುಕ್ತರು, ಅವರ ಆಪ್ತ ಸಿಬ್ಬಂದಿ ಮತ್ತು ಮಹಾನಿರ್ದೇಶಕರು ನೋಂದಾಯಿತರನ್ನು ಮಾತ್ರ ಭೇಟಿಯಾಗಬೇಕೆಂಬ ನಿಯಮ 2014ರ ಕೊನೆಯಿಂದ ಇದೆ; 2025ರ ಆರಂಭದಿಂದ ಅದನ್ನು ಆಯೋಗದ ಕೆಳಗಿನ ಹಂತದ ವ್ಯವಸ್ಥಾಪಕ ಅಧಿಕಾರಿಗಳಿಗೂ ವಿಸ್ತರಿಸಲಾಗಿದೆ. ಕತಾರ್ ಪರವಾಗಿ ಪ್ರಭಾವ ಬೀರಲು ಸಂಸದರು ಹಣ ಪಡೆದರೆಂಬ ಆರೋಪದ ಲಂಚ ಹಗರಣ 2022ರ ಡಿಸೆಂಬರ್‌ನಲ್ಲಿ ಹೊರಬಿದ್ದ ನಂತರ ಸಂಸತ್ತಿನ ಸದಸ್ಯರೂ ಇಂಥ ಭೇಟಿಗಳ ವಿವರವನ್ನು ಪ್ರಕಟಿಸಬೇಕಾಗಿ ಬಂದಿದೆ.

ಈ ನಿಯಮಗಳನ್ನು ಕಾಟವೆಂದು ಭಾವಿಸಬಾರದು. 2022ರ ಅಕ್ಟೋಬರ್‌ನಲ್ಲಿ ಮೂವರು ಸಂಸದರು, ಸಣ್ಣ ಉದ್ಯಮಗಳ ದನಿಯೆಂದು ಹೇಳಿಕೊಂಡ ಕೆಲವು ಸಂಘಟನೆಗಳ ಹಿಂದೆ ದೊಡ್ಡ ತಂತ್ರಜ್ಞಾನ ಕಂಪನಿಗಳಿವೆ ಎಂದು ಆರೋಪಿಸಿ ಅಧಿಕೃತ ದೂರು ನೀಡಿದರು. ಅಂದಿನಿಂದ ‘ನಾವು ಸಣ್ಣವರು’ ಎಂದು ಬರುವ ಪ್ರತಿಯೊಬ್ಬರಿಗೂ ನಿಮಗೆ ಹಣ ಎಲ್ಲಿಂದ ಎಂಬ ಪ್ರಶ್ನೆ ಎದುರಾಗುವುದು ಸಹಜ. ಅದಕ್ಕೆ ಉತ್ತರ ಮೊದಲೇ ನೋಂದಣಿಯಲ್ಲಿ ಇದ್ದರೆ ಮಾತುಕತೆ ನೇರವಾಗಿ ವಿಷಯಕ್ಕೆ ಬರುತ್ತದೆ.

ಒಂದು ಕಂಡಿಕೆಯ ಕಥೆ

ಈಗ ಆ ಕಾನೂನಿನ ಚರಿತ್ರೆಗೆ ಬರೋಣ. 2022ರ ಸೆಪ್ಟೆಂಬರ್ 15ರಂದು ಆಯೋಗ ಸೈಬರ್ ರೆಸಿಲಿಯೆನ್ಸ್ ಆಕ್ಟ್‌ನ ಕರಡನ್ನು ಮಂಡಿಸಿತು. ಮಾರುಕಟ್ಟೆಗೆ ಬರುವ ಡಿಜಿಟಲ್ ಉತ್ಪನ್ನಗಳ ಸುರಕ್ಷತೆಗೆ ತಯಾರಕರನ್ನು ಹೊಣೆ ಮಾಡುವುದು ಅದರ ಉದ್ದೇಶ. ವಾಣಿಜ್ಯ ಚಟುವಟಿಕೆಯ ಹೊರಗೆ ಅಭಿವೃದ್ಧಿಯಾದ ಮುಕ್ತ ತಂತ್ರಾಂಶ ಈ ಕಾನೂನಿನ ವ್ಯಾಪ್ತಿಗೆ ಬರಬಾರದು ಎಂದು ಪೀಠಿಕೆಯ 10ನೇ ಕಂಡಿಕೆ ಹೇಳುತ್ತಿತ್ತು. ಮೇಲ್ನೋಟಕ್ಕೆ ಎಲ್ಲವೂ ಸರಿಯಿದ್ದಂತೆ ಕಾಣುತ್ತಿತ್ತು. ಆದರೆ ಮುಂದಿನ ವಾಕ್ಯ, ಉತ್ಪನ್ನಕ್ಕೆ ಬೆಲೆ ಪಡೆಯುವುದು ಮಾತ್ರವಲ್ಲ, ತಾಂತ್ರಿಕ ನೆರವಿನ ಸೇವೆಗೆ ಶುಲ್ಕ ಪಡೆಯುವುದೂ ವಾಣಿಜ್ಯ ಚಟುವಟಿಕೆ ಎನಿಸಬಹುದು ಎಂದಿತು. ಉಚಿತವಾಗಿ ಕೋಡ್ ಹಂಚಿ, ನೆರವಿನ ಒಪ್ಪಂದಗಳಿಂದ ಜೀವನ ನಡೆಸುವ ಅಭಿವೃದ್ಧಿಗಾರರೂ, ಅಂಥ ಯೋಜನೆಗಳಿಗೆ ನೆಲೆಯಾದ ಪ್ರತಿಷ್ಠಾನಗಳೂ ದೊಡ್ಡ ತಯಾರಕರಷ್ಟೇ ಭಾರ ಹೊರಬೇಕಾಗುವ ಅಪಾಯ ಆ ಒಂದು ವಾಕ್ಯದಲ್ಲಿತ್ತು.

ಇದನ್ನು ಗುರುತಿಸಿದವರು ಸುಮ್ಮನಿರಲಿಲ್ಲ. 2023ರ ಏಪ್ರಿಲ್‌ನಲ್ಲಿ ಎಕ್ಲಿಪ್ಸ್ ಫೌಂಡೇಶನ್ ಜೊತೆಗೆ ಹಲವು ಮುಕ್ತ ತಂತ್ರಾಂಶ ಸಂಸ್ಥೆಗಳು ಬಹಿರಂಗ ಪತ್ರ ಬರೆದವು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೋಡ್‌ನ ಸಾರ್ವಜನಿಕ ಭಂಡಾರವನ್ನು ನಡೆಸುವ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್, ಸಾರ್ವಜನಿಕ ಒಳಿತಿಗಾಗಿ ನಡೆಸುವ ಇಂಥ ಭಂಡಾರಗಳಿಗೆ ಸ್ಪಷ್ಟ ವಿನಾಯಿತಿ ಬೇಕೆಂದು ಅದೇ ತಿಂಗಳು ಬರೆಯಿತು. ಅವರು ಕಾನೂನೇ ಬೇಡ ಎನ್ನಲಿಲ್ಲ. ಸುರಕ್ಷತೆಯ ಗುರಿಯನ್ನು ಒಪ್ಪಿಕೊಂಡೇ, ಹೊಣೆ ಯಾರ ಮೇಲೆ ಬೀಳಬೇಕು ಎಂಬ ಒಂದೇ ಪ್ರಶ್ನೆಗೆ ಅಂಟಿಕೊಂಡರು. ಯಶಸ್ಸಿಗೆ ಇದೇ ಮುಖ್ಯ ಕಾರಣವೆಂದು ನಾನು ನಂಬುತ್ತೇನೆ.

ಕಾನೂನು 2024ರ ಡಿಸೆಂಬರ್ 10ರಂದು ಜಾರಿಗೆ ಬಂದಾಗ ಅದರಲ್ಲಿ ಮುಕ್ತ ತಂತ್ರಾಂಶದ ಪಾಲಕರು ಎಂಬ ಹೊಸ ವರ್ಗವೇ ಸೃಷ್ಟಿಯಾಗಿತ್ತು. ಈ ಪಾಲಕ ಸಂಸ್ಥೆಗಳು ಸುರಕ್ಷತಾ ನೀತಿಯೊಂದನ್ನು ಬರೆದಿಟ್ಟು, ನಿಗಾ ಅಧಿಕಾರಿಗಳೊಂದಿಗೆ ಸಹಕರಿಸುವಂಥ ಹಗುರವಾದ ಕರ್ತವ್ಯಗಳನ್ನು ಪಾಲಿಸಿದರೆ ಸಾಕು, ತಯಾರಕರಿಗೆ 1.5 ಕೋಟಿ ಯೂರೊ ಅಥವಾ ಜಾಗತಿಕ ವಹಿವಾಟಿನ ಶೇ 2.5ರವರೆಗೆ ಇರುವ ದಂಡ ಅವರಿಗೆ ತಟ್ಟುವುದಿಲ್ಲ. ಭಂಡಾರದಲ್ಲಿ ಕೋಡ್ ಇರಿಸಿಕೊಂಡ ಮಾತ್ರಕ್ಕೆ ಅದನ್ನು ಮಾರುಕಟ್ಟೆಗೆ ತಂದಂತಾಗದು ಎಂಬ ಸ್ಪಷ್ಟನೆಯೂ ಪೀಠಿಕೆಗೆ ಸೇರಿತು.

ಆದರೆ ಈ ಗೆಲುವು ಅಂಚಿನಲ್ಲಿ ದಕ್ಕಿದ್ದು. ಕರಡಿಗೂ ಮುಂಚಿನ ಸಾರ್ವಜನಿಕ ಸಮಾಲೋಚನೆ 2022ರ ಮಾರ್ಚ್‌ನಿಂದ ಮೇ ತನಕ ನಡೆದಿತ್ತು. ಕಾನೂನು ರೂಪಿಸುವಾಗ ತಮ್ಮ ಸಮುದಾಯಕ್ಕೆ ತಕ್ಕ ಪ್ರಾತಿನಿಧ್ಯ ಸಿಗಲಿಲ್ಲವೆಂದು ಆ ಬಹಿರಂಗ ಪತ್ರವೇ ಹೇಳಿತ್ತು. ಪತ್ರ ಹೊರಟ ಮೂರೇ ತಿಂಗಳಲ್ಲಿ, ಅಂದರೆ ಜುಲೈನಲ್ಲಿ, ಸಂಸತ್ತಿನ ಸಮಿತಿಯೂ ಸಚಿವರ ಮಂಡಳಿಯೂ ತಮ್ಮ ತಮ್ಮ ನಿಲುವನ್ನು ಅಂತಿಮಗೊಳಿಸಿದವು. ಆದ್ದರಿಂದ ಸಮಾಲೋಚನೆಯ ಹಂತದಲ್ಲೇ, ಕಂಪನಿಯ ಹೆಸರಿನಲ್ಲಿ ಎರಡು ಪುಟವಾದರೂ ದಾಖಲಾಗುವಂತೆ ನೋಡಿಕೊಳ್ಳಿ.

ಬರೆಯುವ ಬಗೆ

ಒಳ್ಳೆಯ ಅಹವಾಲಿನ ಮೊದಲ ಸಾಲುಗಳಲ್ಲೇ ನೀವು ಯಾರು, ಏನು ತಯಾರಿಸುತ್ತೀರಿ, ಕರಡಿನ ಯಾವ ವಿಧಿಯ ಯಾವ ಉಪವಿಧಿ ನಿಮಗೆ ತೊಡಕಾಗುತ್ತದೆ ಎಂಬುದು ಇರಬೇಕು. ‘ಈ ಕಾನೂನು ನಾವೀನ್ಯವನ್ನು ಕೊಲ್ಲುತ್ತದೆ’ ಎಂಬಂಥ ಮಾತು ಬ್ರಸೆಲ್ಸ್‌ನಲ್ಲಿ ಎಷ್ಟು ಸಲ ಕೇಳಿಬಂದಿದೆಯೆಂದರೆ ಅದು ಓದುಗನ ಮೇಲೆ ಯಾವ ಪರಿಣಾಮವನ್ನೂ ಬೀರುವುದಿಲ್ಲ. ಬದಲಿಗೆ, ದೋಷ ಪತ್ತೆಯಾದ ದಿನದಿಂದ ತಿದ್ದುಪಡಿ ಗ್ರಾಹಕನ ಯಂತ್ರಕ್ಕೆ ತಲುಪುವವರೆಗೆ ನಿಮ್ಮಲ್ಲಿ ಯಾರು ಏನೇನು ಮಾಡುತ್ತಾರೆ, ಅದರಲ್ಲಿ ಕರಡಿನ ಗಡುವು ಎಲ್ಲಿ ಅಡ್ಡ ಬರುತ್ತದೆ ಎಂದು ಹಂತ ಹಂತವಾಗಿ ವಿವರಿಸಿ. ಕಾನೂನು ಬರೆಯುವ ಅಧಿಕಾರಿಗೆ ತಂತ್ರಾಂಶ ಕಚೇರಿಯೊಳಗಿನ ಕೆಲಸದ ಪರಿಚಯ ಇರುವುದು ಕಡಿಮೆ. ನೀವು ಅವರಿಗೆ ನೀಡಬಹುದಾದ ದೊಡ್ಡ ನೆರವು ಅದೇ.

ಇನ್ನು ಬದಲಿ ಪಠ್ಯ. ಸಂಸತ್ತಿನ ತಿದ್ದುಪಡಿಗಳು ಎರಡು ಅಂಕಣಗಳಲ್ಲಿ ಮುದ್ರಣವಾಗುತ್ತವೆ: ಎಡಕ್ಕೆ ಆಯೋಗದ ಮೂಲ ವಾಕ್ಯ, ಬಲಕ್ಕೆ ತಿದ್ದಿದ ವಾಕ್ಯ, ಬದಲಾದ ಪದಗಳು ದಪ್ಪ ಓರೆ ಅಕ್ಷರಗಳಲ್ಲಿ, ಕೆಳಗೆ ಬೇಕಿದ್ದರೆ ಒಂದು ಸಣ್ಣ ಸಮರ್ಥನೆ. ನಿಮ್ಮ ಟಿಪ್ಪಣಿಯನ್ನೂ ಅದೇ ರೂಪದಲ್ಲಿ ಸಿದ್ಧಪಡಿಸಿ. ಮೇಲೆ ಹೇಳಿದ 10ನೇ ಕಂಡಿಕೆಗಾದರೆ, ಎಡಕ್ಕೆ ‘ತಾಂತ್ರಿಕ ನೆರವಿನ ಸೇವೆಗೆ ಶುಲ್ಕ ಪಡೆಯುವುದು’ ಎಂದಿರುವಲ್ಲಿ ಬಲಕ್ಕೆ ‘ಉತ್ಪನ್ನವನ್ನು ಸ್ವತಃ ಮಾರುಕಟ್ಟೆಗೆ ತರುವ ತಯಾರಕರು ತಾಂತ್ರಿಕ ನೆರವಿನ ಸೇವೆಗೆ ಶುಲ್ಕ ಪಡೆಯುವುದು’ ಎಂದು ಬರೆದು, ಕೆಳಗೆ ಮೂರು ಸಾಲಿನ ಕಾರಣ ಕೊಟ್ಟಿದ್ದರೂ ನಿಮ್ಮ ಆಶಯ ಓದುಗನಿಗೆ ಥಟ್ಟನೆ ಅರ್ಥವಾಗುತ್ತಿತ್ತು. ಐದು ಪದಗಳ ಸೇರ್ಪಡೆಯನ್ನು ಒಪ್ಪಿಕೊಳ್ಳುವುದು ಸಂಸದರಿಗೆ ಸುಲಭ. ಇಡೀ ಅಧ್ಯಾಯವನ್ನು ಕೈಬಿಡಿ ಎಂಬ ಬೇಡಿಕೆಯನ್ನು ಒಪ್ಪುವುದು ಅಸಾಧ್ಯಕ್ಕೆ ಸಮ.

ಅಹವಾಲಿನಲ್ಲಿ ಬಳಕೆದಾರನ ಹಿತಕ್ಕೂ ಉತ್ತರವಿರಲಿ. ನೀವು ಕೇಳುವ ವಿನಾಯಿತಿಯಿಂದ ಯಾರಿಗೆ ರಕ್ಷಣೆ ಕಡಿಮೆಯಾಗಬಹುದು, ಅದನ್ನು ಬೇರೆ ಹೇಗೆ ತುಂಬಿಕೊಡಬಹುದು ಎಂಬುದನ್ನು ನೀವೇ ಬರೆಯದಿದ್ದರೆ ಗ್ರಾಹಕ ಸಂಘಟನೆಯಾದ ಬ್ಯೂಕ್ ಅಥವಾ ಡಿಜಿಟಲ್ ಹಕ್ಕುಗಳ ಜಾಲವಾದ ಎಡ್ರಿ ಆ ಪ್ರಶ್ನೆಯನ್ನು ಕೇಳುತ್ತವೆ, ಮತ್ತು ಕೇಳಬೇಕಾದದ್ದು ನ್ಯಾಯವೇ.

ಸಂಸತ್ತು ಮತ್ತು ರಾಜಧಾನಿಗಳು

ಸಂಸತ್ತಿನಲ್ಲಿ ಕರಡು ಒಂದು ಸಮಿತಿಗೆ ಹೋಗುತ್ತದೆ, ಅಲ್ಲಿ ಒಬ್ಬ ಸದಸ್ಯರು ಅದರ ಹೊಣೆ ಹೊರುತ್ತಾರೆ. ಅವರನ್ನು ರಾಪೋರ್ಟರ್ ಎನ್ನುತ್ತಾರೆ. ಉಳಿದ ರಾಜಕೀಯ ಗುಂಪುಗಳಿಂದ, ತಮ್ಮ ಗುಂಪಿನ ಪರವಾಗಿ ಅದೇ ಕರಡನ್ನು ನೋಡಿಕೊಳ್ಳುವ ಒಬ್ಬೊಬ್ಬ ಶ್ಯಾಡೊ ರಾಪೋರ್ಟರ್ ಇರುತ್ತಾರೆ. ಸೈಬರ್ ರೆಸಿಲಿಯೆನ್ಸ್ ಆಕ್ಟ್ ಕೈಗಾರಿಕೆ, ಸಂಶೋಧನೆ ಮತ್ತು ಇಂಧನ ಸಮಿತಿಯಲ್ಲಿ ಇಟಲಿಯ ನಿಕೋಲಾ ದಾಂತಿ ಅವರ ಹೊಣೆಯಲ್ಲಿತ್ತು. ಕೃತಕ ಬುದ್ಧಿಮತ್ತೆಯ ಕಾನೂನಿಗೆ ಬ್ರಾಂಡೊ ಬೆನಿಫೈ ಮತ್ತು ದ್ರಾಗೋಷ್ ತುದೊರಾಕೆ ಜಂಟಿ ರಾಪೋರ್ಟರ್‌ಗಳಾಗಿದ್ದರು. ತಿದ್ದುಪಡಿ ಸಲ್ಲಿಸಲು ಸಮಿತಿ ಗೊತ್ತುಪಡಿಸಿದ ಕೊನೆಯ ದಿನಕ್ಕೆ ಕೆಲವು ವಾರ ಮೊದಲೇ, ನಿಮ್ಮ ಕರಡಿನ ರಾಪೋರ್ಟರ್ ಕಚೇರಿಯಲ್ಲಿ ಆ ಕಡತ ನೋಡುವ ಸಹಾಯಕರಿಗೆ ನಿಮ್ಮ ಎರಡು ಅಂಕಣದ ಟಿಪ್ಪಣಿ ತಲುಪಬೇಕು. ನಿಮ್ಮ ನಿಲುವನ್ನು ಒಪ್ಪದ ಗುಂಪಿನ ಶ್ಯಾಡೊ ರಾಪೋರ್ಟರ್‌ಗೂ ಅದೇ ಟಿಪ್ಪಣಿಯನ್ನು, ಒಂದಕ್ಷರವೂ ಬದಲಿಸದೆ, ಕಳುಹಿಸಿ.

ಸಚಿವರ ಮಂಡಳಿಯಲ್ಲಿ ಸಾಮಾನ್ಯವಾಗಿ 15 ದೇಶಗಳ ಒಪ್ಪಿಗೆ ಬೇಕು, ಅವು ಒಕ್ಕೂಟದ ಜನಸಂಖ್ಯೆಯ ಶೇ 65ನ್ನಾದರೂ ಪ್ರತಿನಿಧಿಸಬೇಕು. ಇಲ್ಲಿ ದಾರಿ ಬ್ರಸೆಲ್ಸ್‌ಗಿಂತ ಹೆಚ್ಚಾಗಿ ಬರ್ಲಿನ್, ಪ್ಯಾರಿಸ್, ಡಬ್ಲಿನ್‌ನಂಥ ರಾಜಧಾನಿಗಳ ಸಚಿವಾಲಯಗಳ ಮೂಲಕ ಹಾದುಹೋಗುತ್ತದೆ. ಯುರೋಪಿನಲ್ಲಿ ನಿಮಗೆ ಶಾಖೆಯಿದ್ದರೆ ಆ ದೇಶದ ಉದ್ಯಮ ಸಂಘವನ್ನು ಸೇರುವುದು ಒಳ್ಳೆಯದು. ಬ್ರಸೆಲ್ಸ್ ಮಟ್ಟದಲ್ಲಿ ಡಿಜಿಟಲ್ ಯುರೋಪ್ ಮತ್ತು ಸಣ್ಣ ಉದ್ಯಮಗಳ ಯುರೋಪಿಯನ್ ಡಿಜಿಟಲ್ ಎಸ್‌ಎಂಇ ಅಲೈಯನ್ಸ್ ಇವೆ. ಸಂಘದ ಅಂತಿಮ ಪತ್ರದಲ್ಲಿ ನಿಮ್ಮ ಮಾತು ಉಳಿದಿದೆಯೇ ಎಂದು ಮಾತ್ರ ಪ್ರತಿ ಸಲ ಓದಿ ನೋಡಿ.

ಮೂರೂ ಸಂಸ್ಥೆಗಳು ಸೇರುವ ಟ್ರೈಲಾಗ್ ಶುರುವಾದ ಮೇಲೆ ಹೊರಗಿನವರಿಗೆ ಅವಕಾಶ ತೀರಾ ಕಡಿಮೆ. ಆಗ ಹೊಸ ಬೇಡಿಕೆ ಇಡಬಾರದು. ಸಂಸತ್ತಿನ ಪಠ್ಯ ಮತ್ತು ಮಂಡಳಿಯ ಪಠ್ಯ, ಇವೆರಡರಲ್ಲಿ ಯಾವುದು ಕಾರ್ಯಸಾಧ್ಯ, ಏಕೆ ಎಂದು ಒಂದು ಪುಟದಲ್ಲಿ ಹೇಳಿದರೆ ಸಾಕು.

ಭಾರತದಿಂದ ಇರುವ ಇನ್ನೊಂದು ದಾರಿ

ವ್ಯಾಪಾರಕ್ಕೆ ತೊಡಕಾಗಬಹುದಾದ ತಾಂತ್ರಿಕ ನಿಯಮಗಳ ಕರಡನ್ನು ವಿಶ್ವ ವ್ಯಾಪಾರ ಸಂಸ್ಥೆಗೆ ಮುಂಚಿತವಾಗಿ ತಿಳಿಸುವ ಬದ್ಧತೆ ಸದಸ್ಯರಿಗಿದೆ, ಮತ್ತು ಅಭಿಪ್ರಾಯಕ್ಕೆ ಸಾಮಾನ್ಯವಾಗಿ 60 ದಿನ ಕೊಡಬೇಕೆಂಬ ಶಿಫಾರಸಿದೆ. ಇಂಥ ಸೂಚನೆಗಳಿಗೆ ಭಾರತದ ವಿಚಾರಣಾ ಕೇಂದ್ರ ದೆಹಲಿಯ ಭಾರತೀಯ ಮಾನಕ ಬ್ಯೂರೊ. ಯುರೋಪಿನಲ್ಲಿ ಶಾಖೆಯೂ ಸಂಘದ ಸದಸ್ಯತ್ವವೂ ಇಲ್ಲದ ಕರ್ನಾಟಕದ ಕಂಪನಿ ತನ್ನ ಆಕ್ಷೇಪವನ್ನು ಅಲ್ಲಿಗೆ ಕಳುಹಿಸಿ, ಸರ್ಕಾರದ ಮೂಲಕವೇ ವಿಶ್ವ ವ್ಯಾಪಾರ ಸಂಸ್ಥೆಯ ಕೇಂದ್ರವಾದ ಜಿನೀವಾದಲ್ಲಿ ಎತ್ತುವಂತೆ ಕೋರಬಹುದು. ಈ ದಾರಿ ನಿಧಾನ. ಆದರೆ ದಾಖಲೆಯಾಗಿ ಉಳಿಯುತ್ತದೆ.

ಕಾನೂನು ಅಂಗೀಕಾರವಾದ ಮೇಲೂ ಕೆಲಸ ಮುಗಿಯುವುದಿಲ್ಲ. ಕೃತಕ ಬುದ್ಧಿಮತ್ತೆಯ ಕಾನೂನು 2024ರ ಆಗಸ್ಟ್ 1ರಂದು ಜಾರಿಗೆ ಬಂದಿದ್ದರೂ, ಹೆಚ್ಚು ಅಪಾಯದ ವ್ಯವಸ್ಥೆಗಳ ಗಡುವನ್ನು ಮುಂದೂಡುವ ಪ್ರಸ್ತಾವವನ್ನು ಆಯೋಗವೇ 2025ರ ನವೆಂಬರ್ 19ರಂದು ಮಂಡಿಸಿತು. ಸೈಬರ್ ರೆಸಿಲಿಯೆನ್ಸ್ ಆಕ್ಟ್‌ನಲ್ಲಿ, ದುರ್ಬಳಕೆಯಾಗುತ್ತಿರುವ ದೋಷವನ್ನು 24 ಗಂಟೆಯೊಳಗೆ ತಿಳಿಸುವ ಕರ್ತವ್ಯ 2026ರ ಸೆಪ್ಟೆಂಬರ್ 11ರಿಂದ, ಉಳಿದ ಬಹುತೇಕ ಕರ್ತವ್ಯಗಳು 2027ರ ಡಿಸೆಂಬರ್ 11ರಿಂದ ಅನ್ವಯಿಸುತ್ತವೆ. ಇವನ್ನು ಪಾಲಿಸುವ ಬಗೆಯನ್ನು ವಿವರಿಸುವ ಮಾನಕಗಳನ್ನು ಐರೋಪ್ಯ ಮಾನಕ ಸಂಸ್ಥೆಗಳಾದ ಸೆನ್, ಸೆನೆಲೆಕ್ ಮತ್ತು ಫ್ರಾನ್ಸಿನ ಸೋಫಿಯಾ ಆಂಟಿಪೊಲಿಸ್‌ನಲ್ಲಿರುವ ಎಟ್ಸಿ ಸಂಸ್ಥೆಗಳು ಬರೆಯುತ್ತವೆ. ಎಟ್ಸಿಯಲ್ಲಿ ಯುರೋಪಿನ ಹೊರಗಿನ ಕಂಪನಿಗಳೂ ಸದಸ್ಯರಾಗಬಹುದು. ಎಕ್ಲಿಪ್ಸ್ ಫೌಂಡೇಶನ್ 2024ರಲ್ಲಿ ಆರಂಭಿಸಿದ ಕಾರ್ಯತಂಡವೂ ಇದೇ ವಿಷಯದಲ್ಲಿ ತೊಡಗಿಕೊಂಡಿದೆ. ಮಾನಕದ ಕರಡಿಗೆ ಪ್ರತಿಕ್ರಿಯೆ ಬರೆಯುವುದು ಸಾಮಾನ್ಯವಾಗಿ ಒಂದು ಕೋಷ್ಟಕದಲ್ಲಿ: ಕಂಡಿಕೆಯ ಸಂಖ್ಯೆ, ಆಕ್ಷೇಪ ತಾಂತ್ರಿಕವೋ ಭಾಷಿಕವೋ ಎಂಬ ಗುರುತು, ಕಾರಣ, ಕೊನೆಯಲ್ಲಿ ನೀವು ಸೂಚಿಸುವ ಬದಲಾವಣೆ. ಆ ಕೊನೆಯ ಅಂಕಣವನ್ನು ಖಾಲಿ ಬಿಟ್ಟು ಕಳುಹಿಸಬೇಡಿ. ಸಭೆಯಲ್ಲಿ ಕೋಷ್ಟಕವನ್ನು ಸಾಲು ಸಾಲಾಗಿ ಓದುವಾಗ ಸಮಿತಿ ತೀರ್ಮಾನಿಸುವುದು ಅಲ್ಲಿರುವ ಪಠ್ಯದ ಮೇಲೆ.