ಮಿಶ್ರ ಮೂಲದವರ ಜೀನ್ ಡೇಟಾ: ನಾನು ಕೆಲಸ ಮಾಡುವ ರೀತಿ

ಜೀನ್ ಡೇಟಾ ಕೆಲಸಕ್ಕೆ ಸೇರಿದ ಮೊದಲ ವರ್ಷ. ಕಾಯಿಲೆ ಇದ್ದವರ ಸ್ಯಾಂಪಲ್ ಬಂದಿದ್ದು ಉತ್ತರ ಕರ್ನಾಟಕದ ಒಂದು ಆಸ್ಪತ್ರೆಯಿಂದ. ಕಾಯಿಲೆ ಇಲ್ಲದವರದು ಬೆಂಗಳೂರಿನ ರಕ್ತದಾನ ಶಿಬಿರದಿಂದ. ಹೋಲಿಸಿ ನೋಡಿದರೆ ಹತ್ತಾರು ಜೀನ್‌ಗಳು ಎದ್ದು ನಿಂತವು. ಮೂರು ವಾರ ಅವುಗಳ ಹಿಂದೆಯೇ ಓಡಾಡಿದೆ. ಆಮೇಲೆ ಹಿರಿಯರೊಬ್ಬರು "ಪಿಸಿಎ ಹಾಕಿದ್ಯೇನಮ್ಮಾ?" ಎಂದು ಕೇಳಿದರು. ಹಾಕಿರಲಿಲ್ಲ. ಪಿಸಿಎ ಅಂದರೆ ಪ್ರತಿಯೊಬ್ಬರನ್ನೂ ಒಂದು ಚುಕ್ಕಿಯಾಗಿಸಿ, ಜೀನ್‌ಗಳಲ್ಲಿ ಯಾರು ಯಾರಿಗೆ ಹತ್ತಿರ ಎಂದು ಪ್ಲಾಟಿನಲ್ಲಿ (ನಕ್ಷೆಯಲ್ಲಿ) ತೋರಿಸುವ ಲೆಕ್ಕ. ಹಾಕಿದಾಗ ಕಾಯಿಲೆಯವರ ಕೆಂಪು ಚುಕ್ಕಿಗಳು ಒಂದು ಕಡೆ, ಇಲ್ಲದವರ ನೀಲಿ ಚುಕ್ಕಿಗಳು ಇನ್ನೊಂದು ಕಡೆ ಗುಂಪು ಕಟ್ಟಿದ್ದವು. ನನಗೆ ಸಿಕ್ಕಿದ್ದು ಎರಡು ಸೀಮೆಯ ಜನರ ನಡುವಿನ ವ್ಯತ್ಯಾಸ. ಕಾಯಿಲೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಹೊಸಬರು ಬಂದಾಗ ನಾನು ಮೊದಲು ಹೇಳುವುದು ಅಮೆರಿಕದ ಅರಿಜೋನಾದ ಕಥೆ. ಗಿಲಾ ನದಿ ಕಡೆಯ ಪೀಮಾ ಮೂಲನಿವಾಸಿಗಳಲ್ಲಿ ಸಕ್ಕರೆ ಕಾಯಿಲೆ ತುಂಬಾ ಜಾಸ್ತಿ. ಸಂಶೋಧಕ ನೋಲರ್ ಮತ್ತು ಸಂಗಡಿಗರು ಅಲ್ಲಿನ 4,920 ಜನರ ಲೆಕ್ಕವನ್ನು 1988ರಲ್ಲಿ ಪ್ರಕಟಿಸಿದರು. ರಕ್ತದಲ್ಲಿ ಜಿಎಂ ಎಂಬ ಒಂದು ಬಗೆಯ ಗುರುತು ಇದ್ದವರಲ್ಲಿ 8% ಜನರಿಗೆ ಸಕ್ಕರೆ ಕಾಯಿಲೆ. ಇಲ್ಲದವರಲ್ಲಿ 29%. ಈ ಗುರುತೇ ಕಾಯಿಲೆಯಿಂದ ಕಾಪಾಡುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಆದರೆ ಆ ಗುರುತು ಯುರೋಪಿಯನ್ನರಲ್ಲಿ ಸಾಮಾನ್ಯ, ಪೂರ್ತಿ ಪೀಮಾ ಮೂಲದವರಲ್ಲಿ ಬಹಳ ಅಪರೂಪ. ಗುರುತು ಇದೆ ಅಂದರೆ ಹಿರಿಯರಲ್ಲಿ ಯಾರೋ ಯುರೋಪಿನವರು ಇದ್ದರು ಎಂದರ್ಥ. ಸಂಶೋಧಕರು ಪ್ರತಿಯೊಬ್ಬರ ಮೂಲದಲ್ಲಿ ಎಂಟರಲ್ಲಿ ಎಷ್ಟು ಪಾಲು ಅಲ್ಲಿನ ಮೂಲನಿವಾಸಿಗಳದು ಎಂದು ಲೆಕ್ಕ ಹಾಕಿದ್ದರು. ಈ ಪಾಲು ಒಂದೇ ಸಮ ಇದ್ದವರನ್ನು ಮಾತ್ರ ಪರಸ್ಪರ ಹೋಲಿಸಿದಾಗ ಆ ದೊಡ್ಡ ವ್ಯತ್ಯಾಸ ಹೆಚ್ಚುಕಡಿಮೆ ಮಾಯವಾಯಿತು.

ಮೂಲದ ಪಾಲನ್ನು ಅಳೆಯಬೇಕು, ಅಳೆದದ್ದನ್ನು ಲೆಕ್ಕದೊಳಗೆ ತರಬೇಕು. ಮುಂದಿನದೆಲ್ಲ ಇದನ್ನು ಮಾಡುವ ದಾರಿ.

ಶುರು ಮಾಡಬೇಕಾದ್ದು ಫಾರ್ಮಿನಿಂದ. ನಾಲ್ಕೂ ಅಜ್ಜ-ಅಜ್ಜಿಯರ ಊರು, ಮನೆಮಾತು ಕೇಳಿ ಬರೆದುಕೊಳ್ಳಿ. ಆದರೆ ಅದಷ್ಟನ್ನೇ ನಂಬಬೇಡಿ. ನಾನು ಯಲ್ಲಾಪುರದ ಕಡೆಯವಳು. ನನ್ನ ಕ್ಲಾಸಿನಲ್ಲಿ ಸಿದ್ದಿ ಮಕ್ಕಳಿದ್ದರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಭಾಷೆಯ ಕಾಲಮ್ಮಿನಲ್ಲಿ ಅವರೂ ಪಕ್ಕದ ಮನೆಯ ಕೊಂಕಣಿಯವರೂ ಒಂದೇ. ಆದರೆ 2011ರಲ್ಲಿ ಬಂದ ಅಧ್ಯಯನಗಳ ಪ್ರಕಾರ ಸಿದ್ದಿಗಳ ಮೂಲದಲ್ಲಿ ಆಫ್ರಿಕಾದ ಪಾಲೇ ದೊಡ್ಡದು. ಜೊತೆಗೆ ಭಾರತದ್ದೂ ಸ್ವಲ್ಪ ಯುರೋಪಿನದೂ ಇದೆ. ಇನ್ನೊಂದು ಮಾತು: ಫಾರ್ಮಿನಲ್ಲಾಗಲಿ ಮಾತಿನಲ್ಲಾಗಲಿ ಜನರಿಗೆ "ಬೆರಕೆ" ಅನ್ನಬೇಡಿ. ಅದು ನೋವು ಕೊಡುವ ಪದ.

ಪಿಸಿಎಗೆ ಮುಂಚೆ ಡೇಟಾ ಜಾಲಿಸಬೇಕು. ಅಕ್ಕಪಕ್ಕದ ವೇರಿಯಂಟ್‌ಗಳು (ಜನರಿಂದ ಜನರಿಗೆ ಬದಲಾಗುವ ಡಿಎನ್‌ಎ ಅಕ್ಷರಗಳು) ಜೊತೆಜೊತೆಯಾಗಿಯೇ ಬರುತ್ತವೆ, ಒಂದೇ ಸುದ್ದಿಯನ್ನು ಹತ್ತು ಸಲ ಹೇಳುತ್ತವೆ. ನಾನು ಪ್ಲಿಂಕ್ ಎಂಬ ಪ್ರೋಗ್ರಾಮಿನಲ್ಲಿ 50 ವೇರಿಯಂಟ್‌ಗಳ ಕಿಟಕಿ ಇಟ್ಟು, ಸಲಕ್ಕೆ 5ರಂತೆ ಸರಿಸುತ್ತಾ, ಆರ್-ಸ್ಕ್ವೇರ್ (ಎರಡು ವೇರಿಯಂಟ್ ಎಷ್ಟು ಜೊತೆಯಾಗಿ ಬರುತ್ತವೆ ಎಂಬ ಅಳತೆ) 0.2 ದಾಟಿದ ಜೋಡಿಗಳಲ್ಲಿ ಒಂದನ್ನು ತೆಗೆಯುತ್ತೇನೆ. ಆರನೇ ಕ್ರೋಮೋಸೋಮಿನಲ್ಲಿ ರೋಗನಿರೋಧಕ ಜೀನ್‌ಗಳಿರುವ ಎಚ್‌ಎಲ್‌ಎ ಭಾಗ, ಎಂಟನೆಯದರಲ್ಲಿ ತಿರುಗಿ ಕೂತಿರುವ ತುಂಡು, ಎರಡನೆಯದರ ಲ್ಯಾಕ್ಟೇಸ್ ಜೀನಿನ ಸುತ್ತಮುತ್ತ, ಇವನ್ನೂ ಬಿಡಿ. ಇಲ್ಲದಿದ್ದರೆ ಪಿಸಿಎ ಜನರ ಮೂಲದ ಬದಲು ಆ ತುಂಡುಗಳನ್ನೇ ತೋರಿಸುತ್ತದೆ.

ನೆಂಟರನ್ನೂ ಗುರುತಿಸಬೇಕು. ನಮ್ಮ ಕಡೆ ಸೋದರಮಾವ, ಅತ್ತೆಮಗ ಅಂತ ಸಂಬಂಧದೊಳಗೇ ಮದುವೆ ಜಾಸ್ತಿ. ಹಾಗಾಗಿ ಒಂದು ದೊಡ್ಡ ಕುಟುಂಬವೇ ಬೇರೆ ಸಮುದಾಯದ ಹಾಗೆ ಪ್ಲಾಟಿನ ಮೂಲೆಯಲ್ಲಿ ಕೂತುಬಿಡಬಹುದು. ನೆಂಟಸ್ತಿಕೆ ಇಲ್ಲದವರಿಂದ ಮೊದಲು ಪಿಸಿಎ ಮಾಡಿ, ಉಳಿದವರನ್ನು ಆಮೇಲೆ ಅದರ ಮೇಲೆ ಕೂರಿಸಿ.

ಹೋಲಿಕೆಗೆ ಸಾಮಾನ್ಯವಾಗಿ ತೆಗೆದುಕೊಳ್ಳುವುದು ಹಲವು ದೇಶಗಳವರ ಡಿಎನ್‌ಎ ಓದಿದ ಥೌಸಂಡ್ ಜೀನೋಮ್ಸ್ ಯೋಜನೆಯ 2,504 ಜನರನ್ನು. ಅದರಲ್ಲಿ ದಕ್ಷಿಣ ಏಷ್ಯಾದ ಗುಂಪು ಐದು: ಹ್ಯೂಸ್ಟನ್ನಿನ ಗುಜರಾತಿಗಳು, ಲಾಹೋರಿನ ಪಂಜಾಬಿಗಳು, ಬಾಂಗ್ಲಾದೇಶದ ಬಂಗಾಳಿಗಳು, ಬ್ರಿಟನ್ನಿನಲ್ಲಿರುವ ತೆಲುಗರು ಮತ್ತು ಶ್ರೀಲಂಕಾ ತಮಿಳರು. ಕನ್ನಡಿಗರ ಗುಂಪು ಇಲ್ಲ. ನಿಮ್ಮ ಸ್ಯಾಂಪಲ್ ತೆಲುಗರ ಪಕ್ಕ ಬಿದ್ದರೆ "ತೆಲುಗು ಮೂಲ" ಎಂದು ಬರೆದುಬಿಡಬೇಡಿ. ಭಾರತದ ಸಮುದಾಯಗಳ ಡಿಎನ್‌ಎ ಓದಿದ ಜೀನೋಮ್ ಇಂಡಿಯಾ ಯೋಜನೆಯ ಸುಮಾರು 10,000 ಜನರ ಡೇಟಾ ಈಗ ಸಂಶೋಧಕರಿಗೆ ಸಿಗುತ್ತದೆ. ಅರ್ಜಿ ಹಾಕುವ ಕಷ್ಟ ತೆಗೆದುಕೊಳ್ಳಿ.

ಮಿಶ್ರ ಮೂಲದವರು ಪ್ಲಾಟಿನಲ್ಲಿ ಗುಡ್ಡೆಯಾಗಿ ಬೀಳುವುದಿಲ್ಲ. ಎರಡು ಗುಂಪಿನ ನಡುವೆ ದಾರ ಕಟ್ಟಿ ಮಣಿ ಪೋಣಿಸಿದ ಹಾಗೆ ಉದ್ದಕ್ಕೆ ಹರಡಿಕೊಳ್ಳುತ್ತಾರೆ. ಇಲ್ಲಿ ಹುಷಾರಾಗಿರಿ. ಪಿಸಿಎ ಮಾಡುವ ಸ್ಮಾರ್ಟ್‌ಪಿಸಿಎ ಪ್ರೋಗ್ರಾಮನ್ನು ಹಾಗೇ ಓಡಿಸಿದರೆ, ಸರಾಸರಿಯಿಂದ 6 ಸ್ಟ್ಯಾಂಡರ್ಡ್ ಡೀವಿಯೇಷನ್‌ಗಿಂತ ದೂರ ಇರುವವರನ್ನು ಅದು ತಾನಾಗಿಯೇ ಕೈಬಿಡುತ್ತದೆ, ಅದೂ 5 ಸುತ್ತು. ಯಾರನ್ನೂ ಕೇಳುವುದಿಲ್ಲ. ನಾನು ಆ ಸುತ್ತುಗಳ ಸಂಖ್ಯೆಯನ್ನು 0 ಮಾಡಿಯೇ ಓಡಿಸುವುದು. ಕೈ ಚಾಚಿ ರಕ್ತ ಕೊಟ್ಟವರನ್ನು ಗುಂಪಿಗೆ ಸೇರುವುದಿಲ್ಲ ಅಂತ ಸುಮ್ನೆ ಹೊರಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಕಾಯಿಲೆ ಇದ್ದವರನ್ನೂ ಇಲ್ಲದವರನ್ನೂ ಹೋಲಿಸುವ ಲೆಕ್ಕದಲ್ಲಿ ಮೊದಲ 10 ಪಿಸಿಗಳನ್ನು, ಅಂದರೆ ಪಿಸಿಎ ಕೊಡುವ ಅಕ್ಷಗಳನ್ನು, ಸೇರಿಸಿ. ನೆಂಟಸ್ತಿಕೆ ಇದ್ದರೆ ಸೇಜ್ ಅಥವಾ ರೆಜೆನಿಯಂಥ ಪ್ರೋಗ್ರಾಮ್ ಬಳಸಿ. ಆದರೆ ಕಾಯಿಲೆಯವರೆಲ್ಲ ಒಂದು ಗುಂಪು, ಇಲ್ಲದವರೆಲ್ಲ ಇನ್ನೊಂದು ಗುಂಪು ಆಗಿದ್ದರೆ ಯಾವ ಪಿಸಿಯೂ ನಿಮ್ಮನ್ನು ಉಳಿಸುವುದಿಲ್ಲ. ನನ್ನ ಮೊದಲ ವರ್ಷದ ಆ ಕೆಲಸದಲ್ಲಿ ನಾವು ಅದೇ ಆಸ್ಪತ್ರೆಗೆ ಮತ್ತೆ ಹೋಗಿ, ಬೇರೆ ಕಾರಣಕ್ಕೆ ಬಂದಿದ್ದ ಅದೇ ಸೀಮೆಯವರ ಸ್ಯಾಂಪಲ್ ತಂದೆವು. ಆ ಹತ್ತಾರು ಜೀನ್‌ಗಳಲ್ಲಿ ಒಂದೂ ಉಳಿಯಲಿಲ್ಲ.

ಇಷ್ಟೆಲ್ಲ ಮಾಡಿದರೂ ಗೊತ್ತಾಗುವುದು ಒಟ್ಟು ಪಾಲು ಮಾತ್ರ. ಅರ್ಧ ಆಫ್ರಿಕಾ ಮೂಲ ಇದ್ದವರಲ್ಲೂ ಕ್ರೋಮೋಸೋಮಿನ ಒಂದು ಜಾಗದ ಎರಡೂ ಪ್ರತಿ ಆಫ್ರಿಕಾದಿಂದ ಬಂದಿರಬಹುದು, ಇನ್ನೊಂದು ಜಾಗದಲ್ಲಿ ಒಂದೂ ಇಲ್ಲದಿರಬಹುದು. ಆರ್‌ಎಫ್‌ಮಿಕ್ಸ್ ಎಂಬ ಪ್ರೋಗ್ರಾಮ್ ಕ್ರೋಮೋಸೋಮನ್ನು ತುಂಡು ತುಂಡಾಗಿ ನೋಡಿ ಯಾವುದು ಎಲ್ಲಿಯದು ಎಂದು ಅಂದಾಜು ಮಾಡುತ್ತದೆ. ಇದರಿಂದ ಏನು ಸಿಗುತ್ತದೆ ಅಂತ ಕೇಳಿದರೆ ನಾನು ಕಿಡ್ನಿಯ ಉದಾಹರಣೆ ಕೊಡುತ್ತೇನೆ. ಆಫ್ರಿಕಾ ಮೂಲದ ಅಮೆರಿಕನ್ನರಲ್ಲಿ ಕಿಡ್ನಿ ವೈಫಲ್ಯ ಜಾಸ್ತಿ. 2008ರಲ್ಲಿ ರೋಗಿಗಳ ಕ್ರೋಮೋಸೋಮ್‌ಗಳನ್ನು ಹೀಗೆ ನೋಡಿದಾಗ, 22ನೆಯದರ ಒಂದು ಜಾಗದಲ್ಲಿ ಆಫ್ರಿಕಾದ ತುಂಡು ಬೇರೆ ಕಡೆಗಿಂತ ಎದ್ದು ಕಾಣುವಷ್ಟು ಹೆಚ್ಚಿತ್ತು. ಮೊದಲು ಅಲ್ಲಿನ ಎಂವೈಎಚ್9 ಜೀನಿನ ಮೇಲೆ ಅನುಮಾನ ಬಂತು. 2010ರಲ್ಲಿ ಅದರ ಪಕ್ಕದ ಎಪಿಒಎಲ್1 ಜೀನಿನ ಎರಡು ವೇರಿಯಂಟ್‌ಗಳು ಸಿಕ್ಕವು. ದಾರಿ ತೋರಿಸಿದ್ದು ಮಿಶ್ರ ಮೂಲವೇ. ಅದೇ ಜನರನ್ನು ಪಟ್ಟಿಯಿಂದ ತೆಗೆದಿದ್ದರೆ ಆ ಜಾಗ ಹೀಗೆ ಕಣ್ಣಿಗೆ ಬೀಳುತ್ತಿರಲಿಲ್ಲ.

ಕೊನೆಯಲ್ಲಿ ಲ್ಯಾಂಬ್ಡಾ ನೋಡಿ, ಅಂದರೆ ಫಲಿತಾಂಶಗಳು ಆಕಸ್ಮಿಕವಾಗಿ ಬರಬೇಕಾದ್ದಕ್ಕಿಂತ ಒಟ್ಟಾರೆ ಎಷ್ಟು ಉಬ್ಬಿವೆ ಎಂದು ಹೇಳುವ ಸಂಖ್ಯೆ. 1ರ ಹತ್ತಿರ ಇದ್ದರೆ ಸಮಾಧಾನ. ಜಾಸ್ತಿ ಇದ್ದರೆ ಮತ್ತೆ ಪ್ಲಾಟಿಗೆ ಹೋಗಿ. ಆಮೇಲೆ ವರದಿಯಲ್ಲಿ ಎಷ್ಟು ಜನರನ್ನು ಕೈಬಿಟ್ಟಿರಿ, ಪ್ರತಿಯೊಬ್ಬರನ್ನೂ ಯಾಕೆ ಬಿಟ್ಟಿರಿ ಎಂದು ಸಂಖ್ಯೆ ಸಮೇತ ಬರೆಯಿರಿ.