ಕೊನೆಯ ಸಾಲಿನಿಂದ ಹಿಂದಕ್ಕೆ

ಈ ವರ್ಷ ನನ್ನ ಮನೆಪಾಠಕ್ಕೆ ಬರುವ ಹತ್ತನೆಯ ತರಗತಿಯ ಹದಿನಾಲ್ಕು ಮಕ್ಕಳಲ್ಲಿ ಹನ್ನೊಂದು ಮಂದಿ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ 80ಕ್ಕೆ 50 ದಾಟಿದರು. ಹೋದ ವರ್ಷ ದಾಟಿದ್ದು ನಾಲ್ವರೋ ಐವರೋ. ಕಲಬುರಗಿಯ ನಮ್ಮ ಓಣಿಯಲ್ಲಿ ‘ದಿನಕ್ಕೆ ಮೂರೇ ಲೆಕ್ಕದ ಮಾಸ್ತರ’ ಎಂದು ನನಗೆ ಹೆಸರಿಟ್ಟವರು ಇದನ್ನು ಓದಲಿ.

ಮೊದಲ ವರ್ಷ ಹೋಂವರ್ಕ್ ಲೆಕ್ಕಗಳನ್ನೆಲ್ಲ ಹಲಗೆಯ ಮೇಲೆ ಪೂರ್ತಿ ಬಿಡಿಸಿದೆ. ನೋಟ್‌ಬುಕ್ಕುಗಳು ಮುತ್ತು ಪೋಣಿಸಿದಂತೆ ತುಂಬಿದವು, ಉತ್ತರಪತ್ರಿಕೆಗಳು ಖಾಲಿ ಉಳಿದವು. ಮರುವರ್ಷ ಬಿಡಿಸಿದ ಲೆಕ್ಕಗಳನ್ನು ಜೆರಾಕ್ಸ್ ಮಾಡಿಸಿ ಹಂಚಿದೆ. ಸುಮಾರು 1,800 ರೂಪಾಯಿ ಹೋಯಿತು. ಉತ್ತರದ ಮೇಲೆ ರಟ್ಟು ಮುಚ್ಚಿ ಒಂದೊಂದೇ ಸಾಲು ಸರಿಸಿ ಎಂದರೆ ಎಲ್ಲರೂ ಮೊದಲೇ ಸರಿಸಿ ನೋಡಿಬಿಡುತ್ತಿದ್ದರು. ವಿಡಿಯೊ ಪಾಠಕ್ಕೆಂದು ಕೊಂಡ ಹಳೆಯ ಟ್ಯಾಬ್ ಆರು ಸಾವಿರ ನುಂಗಿ ಮೂರು ತಿಂಗಳಲ್ಲಿ ಕೆಟ್ಟಿತು. ತಿಂಗಳಿಗೆ 400 ರೂಪಾಯಿ ಶುಲ್ಕ, ಅದರಲ್ಲೂ ಅರ್ಧ ಮನೆಗಳಿಂದ ತೊಗರಿ ರಾಶಿಯಾದ ಮೇಲೆಯೇ ಬರುವ ನನಗೆ ಅದು ದೊಡ್ಡ ಪೆಟ್ಟು.

ಆಮೇಲೆ ಹೊಳೆದದ್ದು ಇಷ್ಟು: ಬಿಡಿಸಿದ ಲೆಕ್ಕದ ಕೊನೆಯ ಸಾಲನ್ನು ಮಾತ್ರ ಅಳಿಸಿ ಕೊಡುವುದು. ಅದು ಕೈಗೆ ಬಂದ ಮೇಲೆ ಬೇರೆ ಸಂಖ್ಯೆಗಳ ಲೆಕ್ಕದಲ್ಲಿ ಕೊನೆಯ ಎರಡು ಸಾಲು, ಆಮೇಲೆ ಮೂರು. ವಾರ ಕಳೆಯುವಷ್ಟರಲ್ಲಿ ಪ್ರಶ್ನೆ ಮಾತ್ರ ಉಳಿದಿರುತ್ತದೆ.

ಮಸೂರದ ಲೆಕ್ಕವನ್ನೇ ನೋಡಿ. ಪೀನ ಮಸೂರ, ಸಂಗಮ ದೂರ (ಬಿಸಿಲನ್ನು ಒಂದೆಡೆ ಸೇರಿಸುವ ದೂರ) 10 ಸೆಂ.ಮೀ., ವಸ್ತು 15 ಸೆಂ.ಮೀ. ದೂರದಲ್ಲಿದೆ, ಪ್ರತಿಬಿಂಬ ಎಷ್ಟು ದೂರದಲ್ಲಿ ಬೀಳುತ್ತದೆ? ಸೂತ್ರ ಕೊಡುವುದು ಆ ದೂರದ ವಿಲೋಮವನ್ನು. ಮೊದಲ ದಿನ 1/30ರವರೆಗೆ ನಾನೇ ಬರೆದಿರುತ್ತೇನೆ, ಅದನ್ನು ತಿರುಗಿಸಿ 30 ಎನ್ನುವುದಷ್ಟೇ ಮಕ್ಕಳ ಕೆಲಸ. ತಿರುಗಿಸಲು ಮರೆತು ಅಂಕ ಕಳೆದುಕೊಳ್ಳುವವರು ಎಷ್ಟು ಮಂದಿ ಎಂದು ಪಾಠ ಹೇಳುವವರಿಗೆಲ್ಲ ಗೊತ್ತು. ವಸ್ತು ದೂರಕ್ಕೆ ಋಣ ಚಿಹ್ನೆ ಹಾಕುವ ಸಾಲು ಎಲ್ಲಕ್ಕಿಂತ ಕೊನೆಗೆ ಅವರ ಪಾಲಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಉತ್ತರ ಎಲ್ಲಿ ಬೀಳಬೇಕೆಂಬ ಅಂದಾಜು ಕೂತಿರುತ್ತದೆ. ಒಬ್ಬ ಹುಡುಗ ಚಿಹ್ನೆ ಬಿಟ್ಟು 6 ತಂದಾಗ ಪಕ್ಕದಲ್ಲಿದ್ದ ಹುಡುಗಿ ನನಗಿಂತ ಮೊದಲೇ ಕೇಳಿದಳು: “ಸಂಗಮ ದೂರವೇ 10 ಇರುವಾಗ ಪ್ರತಿಬಿಂಬ 6ರಲ್ಲಿ ಹೇಗೆ ಬೀಳುತ್ತದೆ, ಸರ್?” ಆ ಪ್ರಶ್ನೆಗಾಗಿ ನಾನು ಮೂರು ವರ್ಷ ಕಾದಿದ್ದೆ.

ಅಂದು ಸಂಜೆಯೇ ಕಿಟಕಿ ಮುಚ್ಚಿ, ಅರವತ್ತು ರೂಪಾಯಿಯ ಭೂತಗನ್ನಡಿಯ ಮುಂದೆ ಮೇಣದಬತ್ತಿ ಹಚ್ಚಿದೆವು. ಆ ಗಾಜಿನ ಸಂಗಮ ದೂರವನ್ನು ಮಧ್ಯಾಹ್ನ ಅಂಗಳದ ಬಿಸಿಲಿನಲ್ಲಿ ಅಳೆದಿಟ್ಟಿದ್ದೆವು, ಹೆಚ್ಚೂಕಡಿಮೆ 10. ಬತ್ತಿಯನ್ನು 15ಕ್ಕೆ ಇಟ್ಟಾಗ ತಲೆಕೆಳಗಾದ ಜ್ವಾಲೆ ರಟ್ಟಿನ ಮೇಲೆ 29–30ರ ಹತ್ತಿರ ಸ್ಪಷ್ಟವಾಗಿ ನಿಂತಿತು, ಎರಡರಷ್ಟು ಎತ್ತರವಾಗಿ.

ರಾಸಾಯನಿಕ ಸಮೀಕರಣ ಸರಿದೂಗಿಸಲು ಕಾಳು ಬಳಸಿದೆ. ಕಬ್ಬಿಣಕ್ಕೆ ಕಡಲೆ, ಆಕ್ಸಿಜನ್‌ಗೆ ತೊಗರಿ, ಹೈಡ್ರೋಜನ್‌ಗೆ ಹೆಸರು. ಕಬ್ಬಿಣ ಮತ್ತು ಹಬೆಯ ಕ್ರಿಯೆಯಲ್ಲಿ ಎರಡೂ ಕಡೆ ಮೂರು ಕಡಲೆ, ನಾಲ್ಕು ತೊಗರಿ, ಎಂಟು ಹೆಸರು ಕೂಡಬೇಕು. ಕಾಳಿನಲ್ಲಿ ಎಲ್ಲರೂ ಸರಿದೂಗಿಸಿದರು. ಕಾಗದಕ್ಕೆ ಬಂದಾಗ ಅರ್ಧ ಮಂದಿ ಸೂತ್ರದ ಮುಂದೆ ಗುಣಕ ಬರೆಯುವ ಬದಲು ಅಣುಸೂತ್ರವನ್ನೇ ತಿದ್ದಿದರು. ಈಗ ಒಂದು ಅಣುವಿನ ಕಾಳುಗಳನ್ನು ಒಂದೇ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತೇನೆ. ಪೊಟ್ಟಣ ಬಿಚ್ಚುವಂತಿಲ್ಲ.

ದಾಲ್ ಮಿಲ್‌ನಲ್ಲಿ ದುಡಿಯುವ ಒಬ್ಬ ತಂದೆ ಬಂದು, “ಮಾಸ್ತರರೇ, ಆಚೆ ಓಣಿಯಲ್ಲಿ ದಿನಕ್ಕೆ ಇಪ್ಪತ್ತು ಲೆಕ್ಕ ಮಾಡಿಸುತ್ತಾರಂತೆ” ಎಂದು ಮಗನನ್ನು ಬಿಡಿಸಿಕೊಂಡು ಹೋಗಿದ್ದರು. ಶರಣಬಸವೇಶ್ವರ ಜಾತ್ರೆಗೆ ಇನ್ನೂ ತಿಂಗಳಿರುವಾಗ ಅವರೇ ಮರಳಿ ಕರೆತಂದರು. ಉಳಿದ ದಿನಗಳಲ್ಲಿ ಆ ಹುಡುಗ ವರ್ಗ ಸಮೀಕರಣ ಹಿಡಿದುಕೊಂಡ. ಅಪವರ್ತನದಲ್ಲಿ ಯಾವ ಸಾಲನ್ನು ಅರ್ಧ ಅಳಿಸಬೇಕು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ.

ಪ್ರಮೇಯಗಳಿಗೆ ಈ ಕ್ರಮ ಒಗ್ಗಲಿಲ್ಲ. ಸಾಧಿಸಬೇಕಾದದ್ದು ಪ್ರಶ್ನೆಯಲ್ಲೇ ಇರುವುದರಿಂದ ಕೊನೆಯ ಸಾಲು ಅಳಿಸಿ ಪ್ರಯೋಜನವಿಲ್ಲ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ವಿಭಾಗಿಸುತ್ತದೆ ಎನ್ನುವ ಥೇಲ್ಸ್ ಪ್ರಮೇಯದಲ್ಲಿ ಈಗ ರಚನೆಯ ಸಾಲನ್ನು, ಅಂದರೆ ಸಾಧನೆಗಾಗಿ ಚಿತ್ರದಲ್ಲಿ ಹೊಸ ರೇಖೆಗಳನ್ನು ಎಳೆಯುವ ಸಾಲನ್ನು, ಅಳಿಸಿ ನೋಡುತ್ತಿದ್ದೇನೆ. ಹದಿನಾಲ್ವರಲ್ಲಿ ಮೂವರು ಅದಕ್ಕೆ ಬೇಕಾದ ಲಂಬಗಳನ್ನು ತಾವಾಗಿಯೇ ಎಳೆದಿದ್ದಾರೆ.